ಸೀರೆ ಕೊಳವೆಯ ರೇಡಿಯೊ

ನಮ್ಮೂರಿನಲ್ಲಿ ಯಾವುದಾದರೂ ಯಂತ್ರ ಕೆಟ್ಟರೆ ಅದನ್ನು ರಿಪೇರಿ ಮಾಡುವವರು ಒಬ್ಬರೂ ಸಿಗುವುದಿಲ್ಲ, ಯಾಕೆ ಕೆಟ್ಟಿತು ಎಂದು ಹೇಳುವವರು ಮಾತ್ರ ಬೀದಿಗೆ ಹತ್ತು ಜನ ಸಿಗುತ್ತಾರೆ. ಕೆಜಿಎಫ್‌ನಲ್ಲಿ ಪ್ರತಿಯೊಬ್ಬನ ತಾತನೂ ಗಣಿಯಲ್ಲಿ ಯಾವುದೋ ದೊಡ್ಡ ಯಂತ್ರ ಓಡಿಸಿದವನೇ. ತಾತ ಓಡಿಸಿದ್ದು ಮೊಮ್ಮಗನ ರಕ್ತಕ್ಕೆ ತಾನಾಗಿ ಇಳಿದು ಬರುತ್ತದೆ ಎಂದು ಇವರ ನಂಬಿಕೆ. ಮೈನ್ಸ್ ಮುಚ್ಚಿ ಎಷ್ಟೋ ವರ್ಷವಾಯಿತು, ಬಾಯಿ ಮಾತ್ರ ಯಾರದೂ ಮುಚ್ಚಿಲ್ಲ. ನಾನು ಕೈಯಾರೆ ಮಾಡಿದ ರೇಡಿಯೊ ಕೆಟ್ಟಾಗ ಈ ಪಂಡಿತರಲ್ಲಿ ಅರ್ಧ ಜನ ಆಂಡರ್ಸನ್‌ಪೇಟೆಯ ನಮ್ಮ ಮನೆಯ ಹಜಾರದಲ್ಲಿ ಕೂತು, ತಲೆ ಅಲ್ಲಾಡಿಸಿ, ಕಾಫಿ ಕುಡಿದು ಎದ್ದು ಹೋದರು.

ನಾನು ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ಬೆಳಿಗ್ಗೆ ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಮುಂದಿನ ಸ್ಟೇಷನ್ನುಗಳಲ್ಲಿ ಹತ್ತುವವರು ನನ್ನ ಸೀಟನ್ನೇ ನೋಡುತ್ತಾ ನಿಲ್ಲುತ್ತಾರೆ, ನಾನು ಅವರನ್ನು ನೋಡುವುದಿಲ್ಲ. ತಂತಿಯ ಸುರುಳಿ ಒಂದು, ಕಂಡೆನ್ಸರ್ ಒಂದು, ಎರಡೂ ಸೇರಿದರೆ ಗಾಳಿಯಲ್ಲಿರುವ ನೂರು ಸ್ಟೇಷನ್ನುಗಳಲ್ಲಿ ಒಂದನ್ನೇ ಆರಿಸಿಕೊಳ್ಳುತ್ತವೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳೂ ವರ್ಷವರ್ಷವೂ ಬರೆದುಕೊಂಡಿದ್ದಾರೆ. ಬರೆದವಳಾಗಲಿ ಬರೆದುಕೊಂಡವರಾಗಲಿ ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ನಮ್ಮ ವಿದ್ಯೆ ಅಷ್ಟೇ.

ನನ್ನ ಅತ್ತೆ ಬಂಗಾರಪೇಟೆಯಿಂದಾಚೆಯ ಹಳ್ಳಿಯವರು, ಕುರಿ ಸಾಕಿದ ಮನೆತನದವರು. ಮಾವ ಹೋದಮೇಲೆ ನಮ್ಮ ಜೊತೆಗೇ ಇದ್ದಾರೆ. ನಾನು ಸೊಸೆಯಾಗಿ ಬಂದು ಮೂವತ್ತು ವರ್ಷ ಆಗಿರಬೇಕು, ಒಂದು ದಿನವೂ ಅವರ ಬಾಯಲ್ಲಿ ಒಳ್ಳೆಯ ಮಾತು ಕೇಳಿದವಳಲ್ಲ. ನಾನು ಕಟ್ಟಿದ ಮುದ್ದೆ ಗೋಡೆಗೆ ಎಸೆದರೆ ಗೋಡೆ ಬೀಳುತ್ತದಂತೆ. ನಾನು ಉಟ್ಟ ರೇಷ್ಮೆ ಸೀರೆ ಪಾತ್ರೆ ಒರೆಸುವುದಕ್ಕೆ ಆಗುತ್ತದಂತೆ. ನನಗೆ ಕೆಲಸ ಸಿಕ್ಕಿದ ದಿನ ಸಿಹಿ ಕೊಟ್ಟರೆ, ಬಾಯಿಗೆ ಹಾಕಿಕೊಂಡು, ಸಕ್ಕರೆ ಜಾಸ್ತಿಯಾಯಿತು ಎಂದವರು. ಬಯ್ಯುವಾಗ ಅವರಿಗೆ ಕನ್ನಡ ಸಾಲುವುದಿಲ್ಲ, ತೆಲುಗಿಗೆ ಹೋಗುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬರುವುದನ್ನೇ ಕಾಯುತ್ತಾ ನನ್ನ ತಲೆಯೂ ನೆರೆಯಿತು.

ಅವರಿಗೆ ಇದ್ದ ಒಂದೇ ಚಟ ರೇಡಿಯೊ. ಬೆಳಕು ಹರಿಯುವ ಹೊತ್ತಿಗೆ ಎದ್ದು, ಎಲೆ ಅಡಿಕೆಯ ಚೀಲ ಮಡಿಲಿಗಿಟ್ಟುಕೊಂಡು, ಸೊಪ್ಪು ಬಿಡಿಸುತ್ತಾ ದೇವರ ಹಾಡಿನಿಂದ ಹಿಡಿದು ರೈತರಿಗೆ ಸಲಹೆಯವರೆಗೆ ಬೆಂಗಳೂರು ಸ್ಟೇಷನ್ನನ್ನು ಪೂರ್ತಿ ಕೇಳುತ್ತಾರೆ. ನಮಗೆ ಈಗ ಒಂದು ಕುಂಟೆ ಹೊಲವೂ ಇಲ್ಲ, ಆದರೂ ಟೊಮೇಟೊಗೆ ಯಾವ ಔಷಧಿ ಹೊಡೆಯಬೇಕೆಂದು ಅವರಿಗೆ ಗೊತ್ತು. ಮಾವನ ಕಾಲದ ಸೆಟ್ಟು ಒಂದು ದಿನ ಉಸಿರು ನಿಲ್ಲಿಸಿತು. ನನ್ನ ಯಜಮಾನರು ಮೊಬೈಲು ತಂದುಕೊಟ್ಟರು. ಅತ್ತೆಯ ಬೆರಳು ಸವೆದು ನುಣ್ಣಗಾಗಿದೆ, ರೇಷನ್ ಅಂಗಡಿಯ ಮೆಷಿನ್ನೇ ಅದನ್ನು ಗುರುತು ಹಿಡಿಯುವುದಿಲ್ಲ, ಮೊಬೈಲು ಹಿಡಿಯುತ್ತದೆಯೇ? ಅಂಗಡಿಯಿಂದ ತಂದ ಹೊಸ ಸೆಟ್ಟಿನಲ್ಲಿ ಎಫ್‌ಎಂ ಮಾತ್ರ. ಅದನ್ನು ಹಾಕಿದರೆ ನಮ್ಮ ಬೀದಿಯಲ್ಲಿ ಒಗ್ಗರಣೆ ಸಿಡಿದ ಸದ್ದು. ನಾನೇ ಒಂದು ಮಾಡುತ್ತೇನೆ ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು, ಅಂದುಬಿಟ್ಟೆ.

“ಬೋರ್ಡ್ ಮ್ಯಾಲೆ ಬರೆಯಾದು ಬ್ಯಾರೆ, ಮಾಡಾದು ಬ್ಯಾರೆ ಕಣಮ್ಮಣ್ಣಿ,” ಎಂದರು ಅತ್ತೆ, ಸೊಪ್ಪಿನಿಂದ ತಲೆ ಎತ್ತದೆ.

ಅವತ್ತಿಗೆ ನನಗೆ ಹಟ ಹುಟ್ಟಿತು. ಬಂಗಾರಪೇಟೆ ಬಜಾರಿನ ಸೀರೆ ಅಂಗಡಿಯಲ್ಲಿ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಕೇಳಿ ತಂದೆ, ಇಟ್ಟಿಗೆ ಕೆಂಪು ಬಣ್ಣದ್ದು. ಅದರ ಮೇಲೆ ಎನಾಮಲ್ ತಂತಿಯನ್ನು ಒತ್ತೊತ್ತಾಗಿ ಸುತ್ತಿದೆ. ಪಕ್ಕದಲ್ಲಿ ಕೂತು ಟಿವಿ ನೋಡುತ್ತಿದ್ದ ಯಜಮಾನರು ಮಾತಾಡಿಸಿದಾಗಲೆಲ್ಲ ಲೆಕ್ಕ ತಪ್ಪಿ ಬಿಚ್ಚಿ ಮತ್ತೆ ಸುತ್ತಿದೆ. ಕೊನೆಗೆ ಅವರಿಗೆ ಮಾತಾಡಬೇಡಿ ಎಂದೆ, ಅವರು ಮಾತು ಬಿಟ್ಟ ಮೇಲೆ ಸುರುಳಿ, ಅಂದರೆ ಕಾಯಿಲ್, ಮುಗಿಯಿತು. ಅಲಗು ಮುರಿದ ಹಳೆಯ ಈಳಿಗೆಮಣೆಯ ಮೇಲೆ ಕಾಯಿಲನ್ನು ನಿಲ್ಲಿಸಿ, ಪಕ್ಕದಲ್ಲಿ ಕಂಡೆನ್ಸರು, ನಾಲ್ಕಾರು ಬಿಡಿಭಾಗ, ಒಂದು ಸ್ಪೀಕರು, ಒಂದೇ ಒಂದು ತಿರುಗಿಸುವ ಗುಂಡಿ. ನೋಡಿದವರಿಗೆ ಅದು ರೇಡಿಯೊ ಎಂದು ನಾವೇ ಹೇಳಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗಂತೂ ಚೆನ್ನಾಗಿಯೇ ಕಂಡಿತು. ದೇವರ ಗೂಡಿನ ಕೆಳಗೆ ಗೋಡೆಗೆ ಒತ್ತಿ ಇಟ್ಟೆ. ಬೆಳಿಗ್ಗೆ ಗುಂಡಿ ತಿರುಗಿಸಿದರೆ ಬೆಂಗಳೂರು ಸ್ಪಷ್ಟವಾಗಿ ಹಾಡಿತು. ಅತ್ತೆ ಮೊದಲಿಂದ ಕೊನೆಯವರೆಗೆ ಕೂತು ಕೇಳಿದರು. ಎದ್ದು ಹೋಗುವಾಗ “ಸದ್ದು ಬತ್ತದೆ” ಎಂದರು. ಅಷ್ಟೇ.

ಸುದ್ದಿ ಬೀದಿಗೆ ಹಬ್ಬಿತು. ಈಳಿಗೆಮಣೆ ಹಾಡುತ್ತದಂತೆ ಎಂದು ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ನೋಡಿದವರೆಲ್ಲ, ತಮಿಳಿನವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ, ಬಾಯ್ತುಂಬ ಹೊಗಳಿದರು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಅತ್ತೆ ಮಾತ್ರ ಮೂಲೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಹೊಟ್ಟೆ ಉರಿ ಎಂದುಕೊಂಡು ನಾನು ಇನ್ನಷ್ಟು ಜೋರಾಗಿ ನಕ್ಕೆ.

ಮಾರನೆಯ ಬೆಳಿಗ್ಗೆ ರೇಡಿಯೊ ಸುಮ್ಮನಾಯಿತು. ಪೂರ್ತಿ ಸುಮ್ಮನೆಯೂ ಅಲ್ಲ, ಬಾವಿಯೊಳಗೆ ಯಾರೋ ಗೊಣಗಿದ ಹಾಗೆ. ರೈಲಿಗೆ ಹೊತ್ತಾಗಿತ್ತು, ಬಿಟ್ಟು ಹೋದೆ. ಸಂಜೆ ಬಂದು ಹಾಕಿದರೆ ಗಂಟಲು ಬಿಚ್ಚಿ ಹಾಡಿತು. ಇದು ಅಲ್ಲಿಂದಾಚೆಗೆ ಅದರ ಸ್ವಭಾವವೇ ಆಯಿತು. ನಾಲ್ಕು ದಿನ ಸರಿಯಾಗಿರುತ್ತಿತ್ತು, ಒಂದು ಬೆಳಿಗ್ಗೆ ಕೈ ಕೊಡುತ್ತಿತ್ತು, ನಾನು ಮನೆಗೆ ಬಂದು ಸ್ಕ್ರೂಡ್ರೈವರ್ ಹಿಡಿದು ಕೂರುವ ಹೊತ್ತಿಗೆ ಏನೂ ಆಗದವರ ಹಾಗೆ ಹಾಡುತ್ತಿತ್ತು. ಪೂರ್ತಿ ಕೆಟ್ಟ ಯಂತ್ರ ಒಳ್ಳೆಯದು, ಅದಕ್ಕೆ ಮಾನ ಇರುತ್ತದೆ. ಇದು ಡಾಕ್ಟರ ಮುಂದೆ ಮಾತ್ರ ಕೆಮ್ಮದ ರೋಗಿ.

ಬ್ಯಾಟರಿ ಬದಲಿಸಿದೆ. ಏರಿಯಲ್ ತಂತಿಯನ್ನು ಮಹಡಿಯ ಮೇಲೆ ಇನ್ನಷ್ಟು ಎತ್ತರಕ್ಕೆ ಕಟ್ಟಿದೆ. ಮೇಲೆ ಕಾಣುವ ಬೆಸುಗೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಕಾಯಿಲ್ ಒಳಗೆ ತಂತಿ ಎಲ್ಲೋ ಮುರಿದಿರಬೇಕು ಎಂದು ಮೀಟರ್ ಇಟ್ಟರೆ, ಮೀಟರು ಸರಿಯಾಗಿದೆ ಎಂದು ಕುಂಯ್ ಎಂದಿತು. ಆ ಮೀಟರು ಸರ್ಕಾರಿ ಆಫೀಸಿನ ಹಾಗೆ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ, ಪಕ್ಕದಲ್ಲಿ ಬೆಂಕಿ ಬಿದ್ದಿದ್ದರೂ ಹೇಳುವುದಿಲ್ಲ.

ಆಮೇಲೆ ಪಂಡಿತರು ಬಂದರು. ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಧೂಳು ಕಂಡೆನ್ಸರಿನೊಳಗೆ ಕೂತಿದೆ ಎಂದರು ಒಬ್ಬರು. ನಮ್ಮೂರಿನಲ್ಲಿ ಕೆಮ್ಮಿಗೂ ಧೂಳು, ಮದುವೆ ಮುರಿದರೂ ಧೂಳು. ಇನ್ನೊಬ್ಬರು ಎಲೆಕ್ಟ್ರಿಕ್ ರೈಲಿನ ತಂತಿಯದೇ ದೋಷ ಎಂದರು, ರೈಲು ದಿನಾ ಓಡುತ್ತದೆ, ರೇಡಿಯೊ ದಿನಾ ಕೆಡುವುದಿಲ್ಲವಲ್ಲ ಎಂದು ಕೇಳಿದರೆ ಕಾಫಿಗೆ ಸಕ್ಕರೆ ಬೇಕೆಂದರು. ಹಿಂದೆ ರೇಡಿಯೊ ಅಂಗಡಿ ಇಟ್ಟಿದ್ದು ಈಗ ಮೊಬೈಲಿಗೆ ಗಾಜು ಅಂಟಿಸುವವನ ಹತ್ತಿರ ಹೊತ್ತುಕೊಂಡು ಹೋದೆ. ಅವನು ಮುಟ್ಟಲೂ ಇಲ್ಲ. “ವೇಸ್ಟು ಮೇಡಂ, ತೂಕ್ಕಿ ಪೋಡುಂಗೊ,” ಎಸೆದುಬಿಡಿ ಎಂದು ಹೇಳಿ ಒಂದು ಬ್ಲೂಟೂತ್ ಸ್ಪೀಕರು ತೋರಿಸಿದ. ಎಸೆಯಬೇಕಾದದ್ದು ಆ ಸ್ಪೀಕರು ಎಂದುಕೊಂಡು ನನ್ನದನ್ನು ಹೊತ್ತು ವಾಪಸು ಬಂದೆ.

ಇವರೆಲ್ಲರಿಗಿಂತ ನನ್ನನ್ನು ಉರಿಸಿದವರು ಯಜಮಾನರು. ಅವರು ರಿಟೈರ್ ಆಗಿದ್ದಾರೆ, ಸುಮ್ಮನೆ ಕೂತು ನೋಡುವುದಕ್ಕೆ ಬೇಕಾದಷ್ಟು ಹೊತ್ತಿದೆ. ಯಾರಾದರೂ ಬಂದು ಹೊಗಳಿ ಹೋದ ಮಾರನೆಯ ಬೆಳಿಗ್ಗೆಯೇ ಅದು ಕೆಡುತ್ತದೆ, ದೃಷ್ಟಿ ತಗಲುತ್ತಿದೆ ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಗೊತ್ತಾಗಲಿಲ್ಲ, ಅವರ ಮುಖದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ತಾಮ್ರದ ತಂತಿಗೆ ದೃಷ್ಟಿ ತಗಲುವುದಾದರೆ ನಮ್ಮ ಕರೆಂಟು ಆಫೀಸಿಗೆ ಎಂದೋ ನಿಂಬೆಹಣ್ಣು ಕಟ್ಟಬೇಕಿತ್ತು ಎಂದು ರೇಗಿದೆ. ಆದರೆ ತಲೆಯೊಳಗೆ ಹುಳು ಬಿಟ್ಟಾಗಿತ್ತು. ನೆನಪು ಮಾಡಿಕೊಂಡರೆ ಅವರು ಹೇಳಿದ್ದು ಒಂದು ಸಲವೂ ತಪ್ಪಿರಲಿಲ್ಲ.

ನಾನು ಫಿಸಿಕ್ಸಿನವಳು, ಪರೀಕ್ಷೆ ಮಾಡಿಯೇಬಿಡೋಣ ಎಂದು ನಮ್ಮ ಸ್ಟಾಫ್ ರೂಮಿನ ಗೆಳತಿಯೊಬ್ಬಳನ್ನು ಶನಿವಾರ ಸಂಜೆ ಮನೆಗೆ ಕರೆದುಕೊಂಡು ಬಂದೆ. ಕ್ಯಾಂಟೀನಿನ ಹಳಸಿದ ವಡೆಯನ್ನೂ ಹೊಗಳುವವಳು ಅವಳು. ರೇಡಿಯೊ ಮುಂದೆ ನಿಂತು ಅವಳು ಹೊಗಳಿದ ಹೊಗಳಿಕೆಗೆ ನನಗೇ ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ ಗುಂಡಿ ತಿರುಗಿಸಿದೆ. ಗೊಣಗು ಕೂಡ ಇಲ್ಲ. ಯಜಮಾನರು ಪೇಪರಿನ ಹಿಂದಿನಿಂದ ಒಂದು ಸಲ ಕೆಮ್ಮಿದರು. ಅವರಿಗೆ ಕೆಮ್ಮಿರಲಿಲ್ಲ.

ಆ ವಾರವೇ ಅತ್ತೆ ಊರಿಗೆ ಹೋಗುತ್ತೇನೆ ಎಂದದ್ದು. ಹಳ್ಳಿಯಲ್ಲಿರುವ ನನ್ನ ಮೈದುನನಿಗೆ ಫೋನ್ ಮಾಡಿಸಿ, ಬರುವ ಭಾನುವಾರ ಬಂದು ಕರೆದುಕೊಂಡು ಹೋಗು ಎಂದರು. ಎಷ್ಟು ದಿನಕ್ಕೆ ಎಂದು ಯಜಮಾನರು ಕೇಳಿದರು.

“ಇನ್ನ್ ಅಲ್ಲೇ ಇರ್ತೀನಿ ಕಣ್ಲಾ. ನಾನಿರೋ ಗಂಟ ಈ ಮನೇಲಿ ಅದು ಆಡಲ್ಲ.”

ನನಗೆ ಅರ್ಥವಾದದ್ದು ಇಷ್ಟು: ನಿನ್ನ ಹೆಂಡತಿ ಮಾಡಿದ ರೇಡಿಯೊ ಹಾಡುವುದಿಲ್ಲ, ನಾನು ಇರುವುದಿಲ್ಲ. ಮೂವತ್ತು ವರ್ಷ ನನ್ನ ಮುದ್ದೆ ತಿಂದು, ಕೊನೆಗೆ ಒಂದು ಕಾಯಿಲ್ ನೆಪ ಮಾಡಿಕೊಂಡು ನನ್ನ ಮುಖಕ್ಕೆ ಮಂಗಳಾರತಿ ಎತ್ತಿ ಹೊರಟಿದ್ದಾರೆ. ಹೋಗಲಿ, ಪೀಡೆ ತೊಲಗಿತು ಎಂದು ಅಡಿಗೆಮನೆಯಲ್ಲಿ ಪಾತ್ರೆಗಳಿಗೆ ಕೇಳಿಸುವ ಹಾಗೆ ಹೇಳಿದೆ. ಆದರೆ ಒಂದು ವಾರ ರೈಲಿನ ಕಿಟಕಿಯಲ್ಲಿ ಕೂತು ನನಗೆ ಬೇರೆ ಯೋಚನೆಯೇ ಬರಲಿಲ್ಲ. ಬೆಳಿಗ್ಗೆ ನಮ್ಮ ಮನೆಯಲ್ಲಿ ಎದ್ದಿರುವವರು ನಾವಿಬ್ಬರೇ. ಅವರು ಸೊಪ್ಪು ಬಿಡಿಸುತ್ತಾರೆ, ನಾನು ಕಾಫಿ ಸೋಸುತ್ತೇನೆ, ನಡುವೆ ರೇಡಿಯೊ. ಅವರು ಬಯ್ಯದೆ ಶುರುವಾದ ಬೆಳಗು ನನ್ನ ಸಂಸಾರದಲ್ಲಿ ಇಲ್ಲ. ಅವರು ಹೋಗುವುದು ನನಗೆ ಬೇಡವಾಗಿತ್ತು, ಅದನ್ನು ಹೇಳುವುದಕ್ಕೆ ನಾಲಿಗೆಯೂ ಬರುತ್ತಿರಲಿಲ್ಲ. ಹೋಗುವುದೇ ಆದರೆ ನಾನು ಮಾಡಿದ್ದು ಹಾಡುವುದನ್ನು ಕೇಳಿಯಾದರೂ ಹೋಗಲಿ ಎಂದು ಹಟ ಹಿಡಿದೆ.

ಭಾನುವಾರ ಬೆಳಿಗ್ಗೆ ಅತ್ತೆಯ ಗಂಟು ಬಾಗಿಲ ಪಕ್ಕಕ್ಕೆ ಬಂದು ಕೂತಿತ್ತು. ರೇಡಿಯೊ ಸತ್ತಿತ್ತು. ಹಿಂದಿನ ದಿನ ಕೆಳಗಿನ ಮನೆಯ ಹೆಂಗಸು ತನ್ನ ತಂಗಿಗೆ ತೋರಿಸಲು ಬಂದಿದ್ದಳು, ಇಬ್ಬರೂ ಹೊಗಳಿ ಹೋಗಿದ್ದರು. ಈ ಸಲ ನಾನು ಸಂಜೆಯವರೆಗೆ ಕಾಯಲಿಲ್ಲ. ಹಾಡದ ಹೊತ್ತಿನಲ್ಲಿ ಅದು ನನ್ನ ಕೈಗೆ ಸಿಕ್ಕಿದ್ದು, ಮುಂದೆ ರೈಲಿನ ಅವಸರ ಇಲ್ಲದೆ ಸಿಕ್ಕಿದ್ದು, ಅದೇ ಮೊದಲು. ಹೋದ ಭಾನುವಾರ ಯಜಮಾನರ ಕೆಮ್ಮಿಗೆ ಸಿಟ್ಟು ಬಂದು ಮುಟ್ಟಿಯೇ ಇರಲಿಲ್ಲ. ಸ್ಕ್ರೂ ಬಿಚ್ಚಿ ಕಾಯಿಲನ್ನು ಮಣೆಯಿಂದ ಎತ್ತಿದೆ.

ಕೊಳವೆಯ ಬುಡ ಮೆತ್ತಗಿತ್ತು. ಒದ್ದೆ. ಗೋಡೆಯ ಕಡೆಗಿದ್ದ ಭಾಗದಲ್ಲಿ, ತಂತಿಯ ತುದಿಗಳನ್ನು ಬೆಸೆದ ಜಾಗದಲ್ಲಿ, ಹಸಿರು ಪಾಚಿಯ ಹಾಗೆ ಕಿಲುಬು ಹಿಡಿದಿತ್ತು. ಬೆರಳಿಗೆ ಕೆಂಪು ಅಂಟಿತು. ಕೊಳವೆಯೂ ಕೆಂಪಾದ್ದರಿಂದ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಮೂಸಿ ನೋಡಿದೆ, ಅರಿಶಿನ, ಸುಣ್ಣ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ರಕ್ತದ ಹಾಗೆ ಕೆಂಪಾಗುತ್ತದೆ, ಮಗುವಿಗೋ ಮದುಮಕ್ಕಳಿಗೋ ದೃಷ್ಟಿ ತೆಗೆಯಲು ತಟ್ಟೆಯಲ್ಲಿ ಎತ್ತಿ ಇಳಿಸುವ ನೀರು ಅದು. ನಮ್ಮ ಬಾಗಿಲ ಮುಂದೆ ಆ ಕೆಂಪು ನೀರು ಚೆಲ್ಲಿರುವುದನ್ನು ಎಷ್ಟೋ ಸಂಜೆ ದಾಟಿಕೊಂಡು ಒಳಗೆ ಬಂದಿದ್ದೇನೆ. ಯಾರಿಗೆ ತೆಗೆದರು ಎಂದು ಒಂದು ದಿನವೂ ಕೇಳಿರಲಿಲ್ಲ.

ಯಾರೋ ಬಂದು ಹೊಗಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅತ್ತೆ ದೃಷ್ಟಿ ತೆಗೆದು ಕಾಯಿಲ್‌ನ ಬುಡಕ್ಕೆ ಆ ನೀರು ಹಚ್ಚುತ್ತಾರೆ. ರಾತ್ರಿಯೆಲ್ಲ ರಟ್ಟು ಅದನ್ನು ಹೀರಿಕೊಂಡು ಬೆಳಿಗ್ಗೆಗೆ ರೇಡಿಯೊ ಸಾಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಣಗಿ ಸಂಜೆಗೆ ಬದುಕುತ್ತದೆ. ಕೆಟ್ಟಿದ್ದು ನೋಡಿ, ದೃಷ್ಟಿ ಇನ್ನೂ ಬಲವಾಗಿದೆ ಎಂದು ಮುಂದಿನ ಸಲ ಇನ್ನೊಂದು ಚೂರು ಜಾಸ್ತಿ ಹಚ್ಚುತ್ತಾರೆ. ಧೂಳೂ ಅಲ್ಲ, ರೈಲೂ ಅಲ್ಲ. ಗಣಿಯ ಇಂಜಿನಿಯರುಗಳ ಮೊಮ್ಮಕ್ಕಳೆಲ್ಲ ಸೇರಿ ಕಂಡುಹಿಡಿಯಲಾಗದ ರೋಗ ಎಲೆ ಅಡಿಕೆಯ ಸುಣ್ಣದ ಡಬ್ಬಿಯಲ್ಲಿತ್ತು.

ನಾನು ಕಾಯಿಲ್ ಹಿಡಿದುಕೊಂಡು ಅವರ ಮುಂದೆ ನಿಂತೆ. ಅವರು ನೋಡಿದರು, ಮುಖ ತಿರುಗಿಸಿದರು. ಇದೇನತ್ತೆ ಎಂದು ಕೇಳಿದೆ. ನನ್ನ ದನಿ ಜೋರಾಗಿಯೇ ಇತ್ತು. ಇಂಥ ದರಿದ್ರದ ರೇಡಿಯೊಗೆ ದೃಷ್ಟಿ ಬೇರೆ ತೆಗೆಯಬೇಕಾ ಎಂದೆ.

“ದರಿದ್ರದ್ದಕ್ಕೆ ಯಾರಾನಾ ದಿಷ್ಟಿ ತೆಗೀತಾರಾ?” ಎಂದರು.

ಅವರೇ ಮುಂದುವರಿದರು. ಬಂದವರೆಲ್ಲರ ದೃಷ್ಟಿ ತೆಗೆದು ನೋಡಿದರಂತೆ. ಆದರೂ ಅದು ಉಳಿಯಲಿಲ್ಲ. ಆಮೇಲೆ ಅವರಿಗೆ ತಿಳಿಯಿತಂತೆ, ಹೊರಗಿನವರ ಕಣ್ಣು ದೊಡ್ಡದಲ್ಲ. ಹೆತ್ತ ತಾಯಿಯ ಕಣ್ಣಿಗಿಂತ ಕೆಟ್ಟ ಕಣ್ಣಿಲ್ಲ ಎಂದು ಅವರ ಕಡೆಯ ಮಾತು.

“ದಿನಾ ಎದ್ರುಗ್ ಕೂತ್ಕಂಡು ಒಳ್ಗೊಳ್ಗೇ ಒಗಳ್ತಿದ್ದೋಳು ನಾನೇ ಅಲ್ವಾ? ನಂದೇ ಕಣ್ಣು ಬಿದ್ದೈತೆ. ಅದ್ಕೇ ಓಗ್ತೀನಿ ಅಂದಿದ್ದು.”

ಹೊರಗೆ ಮೈದುನನ ಬೈಕು ಬಂದು ನಿಂತ ಸದ್ದಾಯಿತು. ನಾನು ಕಾಯಿಲ್‌ನ ಹಸಿರು ಬುಡವನ್ನು ಅವರ ಮುಖದ ಹತ್ತಿರ ಹಿಡಿದು, ನಿಮ್ಮ ಕಣ್ಣಲ್ಲ ಅತ್ತೆ, ನಿಮ್ಮ ಸುಣ್ಣ ಎಂದೆ. ಒದ್ದೆ ರಟ್ಟು, ಕಿಲುಬು, ಸೋರಿಹೋಗುವ ಶಕ್ತಿ, ಬೋರ್ಡು ಒಂದಿಲ್ಲ ಅನ್ನುವುದು ಬಿಟ್ಟರೆ ಪೂರ್ತಿ ಪಾಠ ಮಾಡಿದೆ. ಅವರು ಕಾಲೇಜಿನ ಕೊನೆಯ ಬೆಂಚಿನವರ ಹಾಗೆ ಕೇಳಿದರು. ಸುಣ್ಣಕ್ಕೆ ಅಷ್ಟೆಲ್ಲ ಬುದ್ಧಿ ಎಲ್ಲಿಂದ ಬಂತು ಎಂದು ಗಂಟಿಗೆ ಕೈ ಹಾಕಿದರು. ನನ್ನ ಅಷ್ಟು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು. ಬೇರೆ ದಾರಿಯಿಲ್ಲದೆ ನಾನು ಅವರ ದಾರಿಗೇ ಇಳಿದೆ. ಹೊಗಳಿದರೆ ತಾನೆ ದೃಷ್ಟಿ? ಹಾಗಾದರೆ ನೀವು ಇಲ್ಲೇ ಇದ್ದು ದಿನಾ ಬಯ್ಯಿರಿ. ಬೈದದ್ದಕ್ಕೆ ಯಾವ ಕಣ್ಣು ತಗಲುತ್ತದೆ?

ಅವರು ಗಂಟಿನ ಮೇಲಿನ ಕೈ ತೆಗೆಯಲಿಲ್ಲ, ಆದರೆ ಗಂಟು ಎತ್ತಲೂ ಇಲ್ಲ. ಇದು ಅವರಿಗೆ ಗೊತ್ತಿದ್ದ ವಿದ್ಯೆ. ಮೊದಲ ಎರಡು ಮಕ್ಕಳು ಉಳಿಯದೆ ಹೋದಾಗ ಮೂರನೆಯದನ್ನು, ಅಂದರೆ ನನ್ನ ಯಜಮಾನರನ್ನು, ತಿಪ್ಪೆಯ ಮೇಲೆ ಹೊರಳಾಡಿಸಿ ತಂದು, ಶಾಲೆಗೆ ಸೇರಿಸುವವರೆಗೂ ಕಸ ಎಂದೇ ಕೂಗಿದವರು ಅವರು. ಕಸ ಈಗ ಹಜಾರದಲ್ಲಿ ಪೇಪರ್ ಓದುತ್ತಾ ಗಟ್ಟಿಮುಟ್ಟಾಗಿ ಕೂತಿತ್ತು.

“ಅದೂ ನಿಜಾನೇ,” ಎಂದರು. “ನಿನ್ನ ಈ ಮನೆ ತುಂಬಿಸ್ಕಂಡಾಗ್ಲಿಂದ ಒಂದ್ ದಿನಾನಾ ಒಗಳಿದೀನಾ? ನಿಂಗೇನಾನಾ ಆಗೈತಾ?”

ಸಿಟ್ಟು, ನಗು, ಅಳು, ಮೂರೂ ಒಟ್ಟಿಗೆ ಬಂದವು. ಇಷ್ಟು ವರ್ಷ ಈ ಮುದುಕಿ ಕಣ್ಣು ತಗಲದ ಹಾಗೆ ನನ್ನನ್ನು ಕಾಯುತ್ತಿತ್ತಂತೆ, ನಾನು ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಲೆ ಚಚ್ಚಿಕೊಂಡಿದ್ದೆ. ಮೈದುನ ಒಳಗೆ ಬಂದು, ಹೊರಡೋಣವಾ ಎಂದು ಕೇಳಿದ. ಅತ್ತೆ ಅವನಿಗೆ ಊಟ ಮಾಡಿಕೊಂಡು ಒಬ್ಬನೇ ಹೋಗು ಎಂದರು. ಪೆಟ್ರೋಲು ಸುಟ್ಟುಕೊಂಡು ಬಂದ ಅವನು ನನ್ನ ಕಡೆ ನೋಡಿದ, ನಾನು ಕಾಯಿಲ್ ಕಡೆ ನೋಡಿದೆ.

ಹೊಸ ಕಾಯಿಲನ್ನು ನೀರಿನ ಪ್ಲಾಸ್ಟಿಕ್ ಪೈಪಿನ ತುಂಡಿನ ಮೇಲೆ ಸುತ್ತಿದೆ, ಮೇಲೆ ವಾರ್ನಿಶ್ ಹೊಡೆದೆ, ಡಬ್ಬಿಯೊಳಗಿಟ್ಟು ಮುಚ್ಚಿದೆ. ನಮ್ಮವರ ಮೇಲೆ ನನಗೆ ನಂಬಿಕೆಯಿಲ್ಲ. ಹಳೆಯ ಕೆಂಪು ಕೊಳವೆಯನ್ನು ಎಸೆಯಲು ಅತ್ತೆ ಬಿಡಲಿಲ್ಲ, ಅದು ದೇವರ ಗೂಡಿನಲ್ಲಿದೆ, ಬೇಕಾದಷ್ಟು ಅರಿಶಿನ ಬಳಿಸಿಕೊಳ್ಳುತ್ತದೆ.

ಮಾರನೆಯ ಬೆಳಿಗ್ಗೆ ಅವರು ಗುಂಡಿ ತಿರುಗಿಸಿದರು. ಬೆಂಗಳೂರು ಸ್ಪಷ್ಟವಾಗಿ ಹಾಡಿತು. ಅತ್ತೆ ಗಂಟಲು ಸರಿಮಾಡಿಕೊಂಡು, ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ, “ಥೂ, ಇದು ಬಾಗುಪಡದು,” ಎಂದು ತೆಲುಗಿನಲ್ಲಿ ಬೈದರು, ಉದ್ಧಾರವಾಗುವ ಜಾತಿಯಲ್ಲ ಎಂದು. ನಾನು ಕಾಫಿ ತಂದು ಮುಂದಿಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

“ಕಲಗಚ್ಚು ಇದ್ದಂಗೈತೆ.”

ನಾನು ಅವರ ಲೋಟಕ್ಕೆ ಇನ್ನಷ್ಟು ಬಗ್ಗಿಸಿ, ಪಕ್ಕದಲ್ಲೇ ಸೊಪ್ಪು ಬಿಡಿಸಲು ಕೂತೆ. ಅವತ್ತು ಮೊದಲ ರೈಲು ತಪ್ಪಿತು.